ಬೆರಕೆಯೆಂದರೆ ಕೆಡುಕೇ?

ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣುನೊಣ ನಮಗೆಲ್ಲ ಪರಿಚಿತವೇ. ಜೀನುಗಳು ಕ್ರೋಮೋಸೋಮುಗಳಲ್ಲಿರುತ್ತವೆ ಎಂಬುದಕ್ಕೆ 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ ಅವರಿಗೆ ಆಧಾರ ದೊರೆತದ್ದು ಇಂಥದೇ ಒಂದು ಬಿಳಿಗಣ್ಣಿನ ನೊಣದಿಂದ. ಆ ವಿದ್ಯೆ ಮುಂದೆ ನಮ್ಮ ಮಾನಸಗಂಗೋತ್ರಿಗೂ ಬಂತು. ಅಲ್ಲಿ ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಎಂಟು ಕ್ರೋಮೋಸೋಮುಗಳ ನಸೂಟ ನೊಣಕ್ಕೂ ಆರು ಕ್ರೋಮೋಸೋಮುಗಳ ಅಲ್ಬೊಮಿಕಾನ್ಸ್ ನೊಣಕ್ಕೂ ಸಂಕರ ಮಾಡಿಸಿದರು. ಸಂತತಿ ಅಳಿಯಲಿಲ್ಲ, ಎರಡೂ ಕಡೆಯಿಂದ ಪಡೆದ ಹೊಸ ಕ್ರೋಮೋಸೋಮ್ ಜೋಡಣೆಗಳು ಹಲವು ತಲೆಮಾರುಗಳಲ್ಲಿ ನೆಲೆನಿಂತವು.

ಮಕ್ಕಳು ಹೊರಗಿನವರನ್ನು ಮದುವೆಯಾಗುತ್ತೇವೆಂದರೆ "ರಕ್ತ ಕೆಡುತ್ತದೆ" ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳುತ್ತದೆ. ವೈದ್ಯರಾಗಿ ನಾವು ಹೇಳಬಲ್ಲೆವು: ರಕ್ತ ಕೆಡುವುದು ಕಾಯಿಲೆಯಿಂದ, ಮದುವೆಯಿಂದಲ್ಲ. ಹಾಗೆಂದು ನೊಣವನ್ನು ಪುರೋಹಿತನ ಪೀಠದಲ್ಲಿ ಕೂರಿಸುವುದೂ ಬೇಡ. ನೀತಿಯನ್ನು ನಾವೇ ನಿರ್ಧರಿಸಬೇಕು. ನುಡಿ, ಅಡಿಗೆ, ಹಬ್ಬ ಉಳಿದಾವೇ ಎಂಬ ಚಿಂತೆ ನಿಜವಾದದ್ದೇ. ಆದರೆ ಅವು ಕ್ರೋಮೋಸೋಮಿನಲ್ಲಿ ಬರುವುದಿಲ್ಲ; ನಾವು ಕಲಿಸಿದರೆ ಮಾತ್ರ ಬರುತ್ತವೆ.