ಇಲಿಗೂ ಕುದುರೆಗೂ ಏನು ಜಗಳ?

ಕ್ರಿಸ್ತಶಕದ ಮೊದಲ ಶತಮಾನದಲ್ಲಿ, ಹಾನ್ ದೊರೆಗಳ ಕಾಲದ ಚೀನಾದಲ್ಲಿ, ವಾಂಗ್ ಚೋಂಗ್ ಎಂಬ ತಕರಾರಿನ ಚಿಂತಕನೊಬ್ಬನಿದ್ದ. ಜಗತ್ತೆಲ್ಲ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದರ ಆಟ, ಅವುಗಳಲ್ಲಿ ಒಂದು ಇನ್ನೊಂದನ್ನು ಸೋಲಿಸುತ್ತದೆ ಎಂದು ಪಂಡಿತರು ಹೇಳುತ್ತಿದ್ದರು. ಪ್ರಾಣಿಗಳನ್ನೂ ಈ ಐದಕ್ಕೆ ಹಂಚಿಟ್ಟಿದ್ದರು. ಇಲಿ ನೀರಿನ ಪಾಲು, ಕುದುರೆ ಬೆಂಕಿಯ ಪಾಲು. ನೀರು ಬೆಂಕಿಯನ್ನು ಆರಿಸುವುದು ನಿಜವಾದರೆ ಇಲಿಯನ್ನು ಕಂಡ ಕುದುರೆ ಲಾಯ ಬಿಟ್ಟು ಓಡಬೇಕಿತ್ತಲ್ಲ ಎಂದು ವಾಂಗ್ ಚೋಂಗ್ ಕೇಳಿದ. ಲೋಹದ ಹುಂಜ ಮರದ ಮೊಲವನ್ನು ಏಕೆ ಸುಮ್ಮನೆ ಬಿಟ್ಟಿದೆ, ಬೆಂಕಿಯ ಹಾವಿಗೆ ಲೋಹದ ಕೋತಿ ಏಕೆ ಆಹಾರವಾಗಿಲ್ಲ ಎಂದೂ ಕೇಳಿದ.

ಅವನ ಪ್ರಶ್ನೆಗೆ ಉತ್ತರ ಬರಲಿಲ್ಲ, ಪಂಡಿತರ ಕಸುಬೂ ನಿಲ್ಲಲಿಲ್ಲ. ಚೀನೀ ಪಂಚಾಂಗದಲ್ಲಿ ವರ್ಷಕ್ಕೊಂದು ಪ್ರಾಣಿ, ಹನ್ನೆರಡು ವರ್ಷಕ್ಕೊಂದು ಸುತ್ತು. ಇಲಿ ವರ್ಷದ ಹುಡುಗನಿಗೆ ಕುದುರೆ ವರ್ಷದ ಹುಡುಗಿ ಆಗಿಬರುವುದಿಲ್ಲ, ಹುಂಜಕ್ಕೂ ಮೊಲಕ್ಕೂ ಸಂಸಾರ ನಡೆಯುವುದಿಲ್ಲ ಎಂದು ಈಗಲೂ ಹೇಳುತ್ತಾರೆ. ತಮಾಷೆಯೆಂದರೆ, ವಾಂಗ್ ಚೋಂಗ್ ಎತ್ತಿ ತೋರಿಸಿದ ಹಾವು-ಕೋತಿ ಜೋಡಿಯನ್ನು ಇದೇ ಶಾಸ್ತ್ರ ಆರು ಸಾಮರಸ್ಯದ ಜೋಡಿಗಳಲ್ಲಿ ಒಂದೆಂದು ಹೊಗಳುತ್ತದೆ. ಬೆಂಕಿ ಲೋಹವನ್ನು ಕರಗಿಸಿದರೂ ದಾಂಪತ್ಯಕ್ಕೆ ತೊಂದರೆಯಿಲ್ಲವಂತೆ.

ಯಾರಿಗೆ ಯಾರು ಆಗಿಬರುತ್ತಾರೆ ಎಂಬ ಈ ಕೋಷ್ಟಕ ಪ್ರಾಣಿಗಳ ಸ್ವಭಾವ ನೋಡಿ ಮಾಡಿದ್ದಲ್ಲ. ಹನ್ನೆರಡನ್ನೂ ಗಡಿಯಾರದ ಅಂಕೆಗಳಂತೆ ದುಂಡಗೆ ಬರೆದುಕೊಳ್ಳಿ: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ. ಎದುರುಬದುರು ನಿಂತವರು ವೈರಿಗಳು. ನಾಲ್ಕು ಮನೆ ದಾಟಿ ಸಿಗುವವರು ಮಿತ್ರರು. ಅಂದರೆ ಆರು ವರ್ಷದ ಅಂತರವಿರುವ ಯಾವ ಗಂಡುಹೆಣ್ಣಾದರೂ ಜಗಳಗಂಟರು, ನಾಲ್ಕೋ ಎಂಟೋ ವರ್ಷದ ಅಂತರವಿದ್ದರೆ ಅನ್ಯೋನ್ಯ. ಒಂದೇ ತರಗತಿಯ ಮಕ್ಕಳಲ್ಲಿ ಬಹುತೇಕರದು ಒಂದೇ ಪ್ರಾಣಿಯಾಗುವುದರಿಂದ ಅವರೆಲ್ಲರ ಗುಣವೂ ಒಂದೇ ಆಗಬೇಕು. ಯಾವ ಮೇಷ್ಟರೂ ಇದನ್ನು ಒಪ್ಪಲಾರರು. ಇನ್ನು ಚೀನಾದಲ್ಲಿ ಮೊಲವಿರುವ ಮನೆಯಲ್ಲಿ ವಿಯೆಟ್ನಾಮಿನವರು ಬೆಕ್ಕನ್ನು ಕೂರಿಸಿದ್ದಾರೆ. ಗಡಿಯ ಆಚೆ ಸಾಧುಮೊಲವಾಗಿದ್ದ ಹುಡುಗಿ ಈಚೆ ಬಂದರೆ ಬೆಕ್ಕು.

ಜಾತಕ ಕೂಡಿಸುವಾಗ ಜನ್ಮನಕ್ಷತ್ರಕ್ಕೊಂದು ಪ್ರಾಣಿಯನ್ನು ಹಚ್ಚಿ ನೋಡುವ ನಮ್ಮ ಯೋನಿಕೂಟ ಈ ವಿಷಯದಲ್ಲಿ ಸ್ವಲ್ಪವಾದರೂ ಕಣ್ಣಿಗೆ ಕಂಡದ್ದನ್ನು ನಂಬಿದೆ. ಅಲ್ಲಿ ಹಸು-ಹುಲಿ, ಬೆಕ್ಕು-ಇಲಿ, ಹಾವು-ಮುಂಗುಸಿ ವೈರಿಗಳು. ಚೀನೀ ಚಕ್ರದಲ್ಲಿ ಎತ್ತಿಗೂ ಹುಲಿಗೂ ಹೇಳಿಕೊಳ್ಳುವಂಥ ಜಗಳವೇ ಇಲ್ಲ, ಅವು ಪಕ್ಕಪಕ್ಕದ ಮನೆಯವು. (ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರೂ ಹಸು-ಹುಲಿ ಜಾತಕ ಬೇಡವೆನ್ನುವುದು ನನಗೆ ಎಂದೂ ಅರ್ಥವಾಗಿಲ್ಲ.)

ಶಾಸ್ತ್ರ ಬಲ್ಲವರು ಇಲ್ಲಿ ಅಡ್ಡಬಾಯಿ ಹಾಕುತ್ತಾರೆ. ಹುಟ್ಟಿದ ವರ್ಷದ ಪ್ರಾಣಿಯೊಂದನ್ನೇ ನೋಡುವುದು ಅರೆಬರೆ ತಿಳಿದವರ ಕೆಲಸ, ನಿಜವಾದ ಲೆಕ್ಕಕ್ಕೆ ವರ್ಷ, ತಿಂಗಳು, ದಿನ, ಹೊತ್ತು ನಾಲ್ಕೂ ಬೇಕು, ಒಂದೊಂದಕ್ಕೆ ಎರಡರಂತೆ ಎಂಟು ಅಕ್ಷರಗಳನ್ನು ತೂಗಬೇಕು ಎನ್ನುತ್ತಾರೆ. ಆಗಲಿ. ಆದರೆ ತೂಗುವ ವಸ್ತುಗಳು ಹೆಚ್ಚಿದಷ್ಟೂ ತೂಗುವವನಿಗೆ ಆಯ್ಕೆಯೂ ಹೆಚ್ಚುತ್ತದೆ. ವರ್ಷ ಕೂಡದಿದ್ದರೆ ದಿನ ಕೂಡೀತು, ದಿನವೂ ಕೈಕೊಟ್ಟರೆ ಹೊತ್ತು ಇದ್ದೇ ಇದೆ. ಯಾವ ಮದುವೆ ಮುರಿದುಬಿದ್ದರೆ ತಮ್ಮ ಲೆಕ್ಕ ತಪ್ಪೆಂದು ಒಪ್ಪುತ್ತೀರಿ ಎಂದು ಕೇಳಿದರೆ ಅಂಥ ಮದುವೆಯನ್ನು ಅವರು ತೋರಿಸಲಾರರು.

ಇಷ್ಟಾದರೂ ಇದು ಉಳಿದಿದೆ ಎಂದರೆ ಜನರಿಗೆ ಏನೋ ಉಪಯೋಗ ಇರಬೇಕು. ಮೂಢನಂಬಿಕೆ ಎಂದು ಬೈದು ಎದ್ದುಹೋಗುವವರು ನೋಡದೆ ಬಿಡುವ ಜಾಗ ಇದೇ. ಹಳೆಯ ಚೀನಾದಲ್ಲಿ ಹೆಣ್ಣಿನ ಜನ್ಮವಿವರ ಬರೆದ ಕಾಗದ ಗಂಡಿನ ಮನೆಗೆ ಬಂದಾಗ ಅದನ್ನು ಹಿರಿಯರ ಪೀಠದ ಮುಂದೆ ಮೂರು ದಿನ ಇಡುವ ಪದ್ಧತಿಯಿತ್ತು. ಆ ಮೂರು ದಿನದಲ್ಲಿ ಮನೆಯಲ್ಲಿ ಬಟ್ಟಲು ಒಡೆದರೆ, ಜಗಳವಾದರೆ, ಯಾರಾದರೂ ಹಾಸಿಗೆ ಹಿಡಿದರೆ ಕಾಗದ ಹಿಂದಕ್ಕೆ ಹೋಗುತ್ತಿತ್ತು. ಮೂರು ದಿನ ಎಂದರೆ ಹುಡುಗಿಯ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸಲು, ಮನಸ್ಸು ಬದಲಾಯಿಸಲು ಸಾಕಷ್ಟು ಕಾಲ. ಒಡೆಯಬೇಕೆನಿಸಿದರೆ ಒಡೆಯಲು ಮನೆಯಲ್ಲಿ ಬಟ್ಟಲಿಗೆ ಬರವೇ? ನಮ್ಮಲ್ಲೂ ‘ಜಾತಕ ಕೂಡಲಿಲ್ಲ’ ಎಂಬ ಮಾತು ಮಾಡುತ್ತ ಬಂದದ್ದು ಇದೇ ಕೆಲಸ. ಹುಡುಗನ ಸಂಬಳ ಸಾಲದು, ಹುಡುಗಿ ಮನಸ್ಸಿಗೆ ಬರಲಿಲ್ಲ ಎಂದು ಮುಖಕ್ಕೆ ಹೇಳಿ ನಾಳೆ ಅದೇ ಊರಿನ ಜಾತ್ರೆಯಲ್ಲಿ ಎದುರಾಗುವುದು ಹೇಗೆ? ಗ್ರಹಗಳ ಮೇಲೆ ಹಾಕಿದರೆ ಎರಡೂ ಮನೆಯ ಮರ್ಯಾದೆ ಉಳಿಯುತ್ತದೆ. ಈ ಮಟ್ಟಿಗೆ ಅದನ್ನು ಜಾಣತನವೆಂದು ಒಪ್ಪಲು ನಾನು ಸಿದ್ಧ.

ಆದರೆ ನೆಪವಾಗಿ ಹುಟ್ಟಿದ್ದು ನೆಪವಾಗಿಯೇ ಉಳಿಯುವುದಿಲ್ಲ. ಚೀನಾದಿಂದ ಇದೇ ಪಂಚಾಂಗವನ್ನು ಪಡೆದ ಜಪಾನಿನಲ್ಲಿ ಏನಾಯಿತು ನೋಡಿ. ಹನ್ನೆರಡು ಪ್ರಾಣಿಗಳು ಐದು ಧಾತುಗಳೊಡನೆ ಸುತ್ತಿ ಅರವತ್ತು ವರ್ಷಕ್ಕೊಮ್ಮೆ ‘ಬೆಂಕಿ ಕುದುರೆ’ಯ ವರ್ಷ ಬರುತ್ತದೆ, ನಮ್ಮ ಪ್ರಭವಾದಿ ಸಂವತ್ಸರಗಳು ಮರಳಿ ಬರುವ ಹಾಗೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ನುಂಗುತ್ತಾಳೆ ಎಂದು ಅಲ್ಲಿನ ನಂಬಿಕೆ. ಎದೋ ನಗರದಲ್ಲಿ ಪ್ರೇಮದ ಹುಚ್ಚಿನಲ್ಲಿ ಬೆಂಕಿಯಿಟ್ಟು 1683ರಲ್ಲಿ ಮರಣದಂಡನೆಗೆ ಒಳಗಾದ ಓಶಿಚಿ ಎಂಬ ತರಕಾರಿ ವ್ಯಾಪಾರಿಯ ಮಗಳು 1666ರ ಬೆಂಕಿ ಕುದುರೆಯವಳು ಎಂಬ ಪ್ರತೀತಿ ಇದಕ್ಕೆ ಇನ್ನಷ್ಟು ತುಪ್ಪ ಸುರಿಯಿತು. 1906ರಲ್ಲಿ ಹುಟ್ಟಿದ ಎಷ್ಟೋ ಹೆಣ್ಣುಮಕ್ಕಳ ಹುಟ್ಟನ್ನು ತಂದೆತಾಯಿಗಳು ಹಿಂದಿನ ಅಥವಾ ಮುಂದಿನ ವರ್ಷಕ್ಕೆ ಬರೆಸಿದರು. ಸುಳ್ಳು ಬರೆಸಿ ಮಗಳನ್ನು ಉಳಿಸಿಕೊಂಡರು ಎನ್ನೋಣ.

1966ರ ಹೊತ್ತಿಗೆ ಜಪಾನ್ ಬುಲೆಟ್ ರೈಲು ಓಡಿಸುತ್ತಿತ್ತು, ಒಲಿಂಪಿಕ್ಸ್ ನಡೆಸಿ ಮುಗಿಸಿತ್ತು. ಹಿಂದಿನ ವರ್ಷ ಸುಮಾರು 18.2 ಲಕ್ಷ ಮಕ್ಕಳು ಹುಟ್ಟಿದ್ದ ದೇಶದಲ್ಲಿ ಆ ವರ್ಷ ಹುಟ್ಟಿದವರು 13.6 ಲಕ್ಷ. ಮರುವರ್ಷ ಮತ್ತೆ 19 ಲಕ್ಷ ದಾಟಿತು. ಓದು ಹೆಚ್ಚಿದರೆ ಇಂಥವೆಲ್ಲ ತಾವಾಗಿ ಉದುರುತ್ತವೆ ಎಂದು ನಂಬುವವರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. 1906ರ ದಂಪತಿಗಳಿಗೆ ಭಯವಿತ್ತು, ಹುಟ್ಟನ್ನೇ ತಡೆಯುವ ಸುಲಭ ಉಪಾಯವಿರಲಿಲ್ಲ. 1966ರವರಿಗೆ ಗರ್ಭನಿರೋಧವೂ ಕಾನೂನುಬದ್ಧ ಗರ್ಭಪಾತವೂ ಕೈಯಳತೆಯಲ್ಲಿದ್ದವು. ಹುಟ್ಟುವುದು ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ, ಹಾಗಾಗಿ ಹೆಣ್ಣಿನ ಭಯಕ್ಕೆ ಗಂಡುಮಕ್ಕಳೂ ಹುಟ್ಟಲಿಲ್ಲ. ಆ ತಂದೆತಾಯಿಗಳಲ್ಲಿ ಎಷ್ಟು ಮಂದಿ ನಿಜಕ್ಕೂ ಕುದುರೆಗೆ ಹೆದರಿದರು? ಬಹಳ ಮಂದಿ ಹೆದರಿದ್ದು ಇಪ್ಪತ್ತೈದು ವರ್ಷದ ನಂತರ ಬರಬಹುದಾದ ಬೀಗರಿಗೆ ಎಂದು ನನ್ನ ಊಹೆ. ಯಾರೂ ನಂಬದಿದ್ದರೂ ಎದುರಿನವರು ನಂಬುತ್ತಾರೆಂದು ಪ್ರತಿಯೊಬ್ಬರೂ ಎಣಿಸಿದರೆ ಸಾಕು, ನಂಬಿಕೆ ನಡೆದುಕೊಂಡು ಹೋಗುತ್ತದೆ.

ಮೂಲಾ ನಕ್ಷತ್ರದವಳು ಮಾವನಿಗೆ, ಆಶ್ಲೇಷಾದವಳು ಅತ್ತೆಗೆ ಆಗದು ಎನ್ನುವ ನಮ್ಮ ಮನೆಗಳಿಗೆ ಜಪಾನನ್ನು ನೋಡಿ ನಗುವ ಅಧಿಕಾರವಿಲ್ಲ. ಎರಡೂ ಕಡೆ ತಕ್ಕಡಿ ಹೆಣ್ಣಿನ ಕಡೆಗೇ ವಾಲುತ್ತದೆ. ಬೆಂಕಿ ಕುದುರೆಯ ವರ್ಷ ಹುಟ್ಟಿದ ಗಂಡು ಹೆಂಡತಿಯನ್ನು ನುಂಗುತ್ತಾನೆಂದು ಯಾರೂ ಹೆದರಲಿಲ್ಲ.

ಮರ್ಯಾದೆ ಉಳಿಸುವ ನೆಪ ಎಂಬ ಸಮರ್ಥನೆ ಇಲ್ಲಿ ಸೋಲುತ್ತದೆ. ಕೋಪ ಜಾಸ್ತಿ ಎಂದು ನಿರಾಕರಿಸಿದರೆ ಹುಡುಗಿ ಅಲ್ಲವೆನ್ನಬಹುದು, ಹೌದೆಂದು ತಿದ್ದಿಕೊಳ್ಳಬಹುದು, ನಿನ್ನ ಕೋಪ ಎಷ್ಟೆಂದು ತಿರುಗಿ ಕೇಳಬಹುದು. ಹುಟ್ಟಿದ ವರ್ಷಕ್ಕಾಗಿ ನಿರಾಕರಿಸಿದರೆ ಅವಳು ಏನು ಹೇಳಬೇಕು? ಹೇಳಿದವರ ಬಾಯಿಗೆ ಅದು ಮೃದು, ಕೇಳಿಸಿಕೊಂಡವರಿಗೆ ಮೇಲ್ಮನವಿಯಿಲ್ಲದ ತೀರ್ಪು. ಶಾಂಘೈನ ಜನತಾ ಉದ್ಯಾನದಲ್ಲಿ ವಾರಾಂತ್ಯಕ್ಕೆ ತಂದೆತಾಯಿಗಳು ಮಕ್ಕಳ ವಿವರ ಬರೆದ ಕಾಗದಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಾರೆ. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ. ಉಳಿದವುಗಳ ಬಗ್ಗೆ ಚೌಕಾಸಿ ಮಾಡಬಹುದು, ವರ್ಷದ ಬಗ್ಗೆ ಆಗದು.

2026 ಮತ್ತೆ ಬೆಂಕಿ ಕುದುರೆಯ ವರ್ಷ. ಆ ವರ್ಷದ ಹೆಣ್ಣುಮಕ್ಕಳಿಗೂ ಮುಂದೊಂದು ದಿನ ಸಂಬಂಧಗಳು ಬರುತ್ತವೆ. ಬೇಡವೆನ್ನುವ ಹಕ್ಕು ಎಲ್ಲ ಮನೆಗಳಿಗೂ ಇದೆ, ಅಲ್ಲೂ ಇಲ್ಲೂ. ಬೇಡವಾದರೆ ನಮಗೆ ಇಷ್ಟವಾಗಲಿಲ್ಲ ಎಂದು ನಿಮ್ಮ ಹೆಸರಿನಲ್ಲೇ ಹೇಳಿ, ಕುದುರೆಯ ಹೆಸರಿನಲ್ಲಿ ಬೇಡ.