ಟ್ರಂಕಿನೊಳಗಿನ ಸೀರೆ

ಬೀಳಗಿಯ ನಮ್ಮ ಮನೆಯಲ್ಲಿ ಅತ್ತೆಯವರ ಕಬ್ಬಿಣದ ಟ್ರಂಕೊಂದಿದೆ. ಅದರ ತಳದಲ್ಲಿ ಬೇವಿನೆಲೆಗಳ ನಡುವೆ ಅವರ ಮದುವೆಯ ಚಂದ್ರಕಾಳಿ ಸೀರೆ. ಕಪ್ಪು ಒಡಲು, ಕೆಂಪು ರೇಷ್ಮೆಯ ತೋಪುತೆನಿ ಸೆರಗು, ಸೆರಗಿನ ಬದಿಗೆ ಅವರದೇ ಕೈಯ ಕಸೂತಿ. ತುಳಸಿಕಟ್ಟೆ, ತೇರು, ಆನೆ, ತೊಟ್ಟಿಲು. ಅವರು ತೀರಿಕೊಂಡ ಮೇಲೆ ನಾನದನ್ನು ಯಾರ ಕೈಗೂ ಕೊಟ್ಟವಳಲ್ಲ, ಉಟ್ಟವಳೂ ಅಲ್ಲ. ಜೋಪಾನ ಮಾಡಿದ್ದೇನೆಂಬ ಹೆಮ್ಮೆ ನನಗೆ.

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು, "ಅವ್ವಾ, ಇದನ್ನ ಮ್ಯೂಸಿಯಂಗೆ ಕೊಟ್ಟುಬಿಡೂಣೇನು?" ಅಂದಳು. ಬಿಚ್ಚಿ ನೋಡಿದರೆ ಸೆರಗಿನ ರೇಷ್ಮೆ ಮಡಿಕೆಗುಂಟ ಸೀಳಿತ್ತು. ಯಾರೂ ಉಡದೆಯೇ ಹರಿದಿತ್ತು.

ಒಂದು ವಸ್ತುವನ್ನು ಉಳಿಸುವುದು ಅಂದರೇನು? ಆವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಹಮದಾಬಾದಿನ ಕ್ಯಾಲಿಕೊ ವಸ್ತ್ರ ಮ್ಯೂಸಿಯಂ ಶುರುವಾದದ್ದು 1949ರಲ್ಲಿ. ಕಟ್ಟಿದವರು ಬಟ್ಟೆ ಗಿರಣಿಯ ಮನೆತನದ ಗೌತಮ್ ಸಾರಾಭಾಯಿ ಮತ್ತು ಅವರ ಸಹೋದರಿ ಗೀರಾ. ಗಿರಣಿ ಬಟ್ಟೆ ಬಂದು ಕೈಮಗ್ಗ ಸೊರಗಿತು. ಕೈಮಗ್ಗದ ಬಟ್ಟೆಗೆ ಗುಡಿ ಕಟ್ಟಿದವರೂ ಗಿರಣಿಯವರೇ. ಈಗ ಆ ಗಿರಣಿ ಇಲ್ಲ, ಮ್ಯೂಸಿಯಂ ಇದೆ. ಕೂಡಿಡುವುದರಲ್ಲಿ ಎಲ್ಲೋ ಒಂದಿಷ್ಟು ಪ್ರಾಯಶ್ಚಿತ್ತವೂ ಇರುತ್ತದೆಯೇನೋ.

ಮಗಳು ಹೇಳಿದ್ದು ಬೆಂಗಳೂರಿನ ಪುಟ್ಟ ಮ್ಯೂಸಿಯಮ್ಮಿನ ಮಾತು. 1974ರಲ್ಲಿ ಚಿಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ 'ವಿಮೋರ್' ಎಂಬ ಸೀರೆಯಂಗಡಿ ತೆರೆದರು. ಹಳೆಯ ಸೀರೆಗಳನ್ನು ಮಾದರಿಯಾಗಿಟ್ಟುಕೊಂಡು ನೇಕಾರರಿಂದ ಮತ್ತೆ ನೇಯಿಸಿದರು. ನಾಲ್ಕು ದಶಕ ದಾಟಿದ ಮೇಲೆ ಅದರ ಆಸರೆಯಲ್ಲಿ ಒಂದು ಮ್ಯೂಸಿಯಂ ಹುಟ್ಟಿತು. ಜೀವಂತ ನೇಯ್ಗೆಗಳ ಮ್ಯೂಸಿಯಂ ಎಂದೇ ಅದರ ಹೆಸರು. ಅಲ್ಲಿ ಬಟ್ಟೆಯನ್ನು ಮುಟ್ಟಿ ನೋಡಬಹುದಂತೆ.

ಮುಟ್ಟಿ ಎಂಬ ಮಾತು ನನ್ನನ್ನು ಚುಚ್ಚಿತು. ಕಸೂತಿಯ ಗವಂತಿ ಹೊಲಿಗೆಗೆ ಒಳಗೂ ಹೊರಗೂ ಒಂದೇ, ಗಂಟು ಹಾಕುವಂತಿಲ್ಲ. ಗಾಜಿನಾಚೆಯಿಂದ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ಮಗುಚಿ ನೋಡಿದಾಗಲೇ ಹೊಲಿದವಳ ನಿಯತ್ತು ತಿಳಿಯುವುದು. ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆ ಎಣಿಸಿಯೇ ಹಾಕಬೇಕು. ಮಧ್ಯಾಹ್ನ ಅತ್ತೆಯವರು ಕರೆಯುತ್ತಿದ್ದರು, "ಬಾರವ್ವಾ, ಎಳಿ ಎಣಸೂದರೆ ಕಲಿ." "ನಾಳಿ ಕಲೀತೀನ್ರೀ ಅತ್ತಿ" ಎನ್ನುತ್ತಿದ್ದೆ. ಆ ನಾಳೆ ಬರಲಿಲ್ಲ. ಸೀರೆ ಉಳಿಸಿಕೊಂಡೆ, ಅದನ್ನು ಮಾಡಿದ ಕೈಯ ವಿದ್ಯೆ ಕಳೆದುಕೊಂಡೆ.

ಮ್ಯೂಸಿಯಂ ಬೇಡವೆಂದಲ್ಲ. ನನ್ನಂಥವರು ಕಳೆದದ್ದನ್ನು ಮುಂದಿನವರು ಹುಡುಕಲು ಒಂದು ಜಾಗ ಬೇಕೇ ಬೇಕು. ಆದರೆ ಕೊಟ್ಟೊಡನೆ ಋಣ ತೀರಿತೆಂದುಕೊಂಡರೆ ಅದೂ ಇನ್ನೊಂದು ದೊಡ್ಡ ಟ್ರಂಕೇ. ನಮ್ಮ ಕಡೆ ಹಳೆಯ ಸೀರೆ ಕೌದಿಯಾಗಿ ಕೂಸಿನ ಕೆಳಗೆ ಹಾಸಿಗೆಯಾಗುತ್ತದೆ. ಆ ಹೆಂಗಸರು ಬಟ್ಟೆ ಹರಿದೀತೆಂದು ಹೆದರಲಿಲ್ಲ. ಇನ್ನೊಂದನ್ನು ಮಾಡುವ ಕೈ ಅವರಿಗಿತ್ತು.

ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ಗವಂತಿ ಬರುತ್ತದೆ. ಈಗ ಮಧ್ಯಾಹ್ನ ಸೀರೆ ತೆಗೆದುಕೊಂಡು ಅವರ ಕಟ್ಟೆಗೆ ಹೋಗುತ್ತೇನೆ. ಅರವತ್ತರ ಕಣ್ಣಿಗೆ ಎಳೆ ಸಿಕ್ಕುವುದಿಲ್ಲ. ಎಣಿಕೆ ತಪ್ಪುತ್ತದೆ, ಬಿಚ್ಚುತ್ತೇನೆ. ನನ್ನ ತೊಟ್ಟಿಲು ಇನ್ನೂ ಅರ್ಧಕ್ಕೇ ನಿಂತಿದೆ. ಅದು ಮುಗಿಯಲಿ, ಆಮೇಲೆ ಮ್ಯೂಸಿಯಂ ಮಾತು ಎಂದು ಮಗಳಿಗೆ ಹೇಳಿದ್ದೇನೆ.