ಏಳುವ ಮೊದಲೇ ಹೇಳಿಬಿಟ್ಟ ಮಾತು

ಒಬ್ಬರಿಗೆ ಎಚ್ಚರವಾಗುವ ಮೊದಲೇ ಅವರ ಬಗ್ಗೆ ಒಂದು ವಿವರಣೆ ಬರೆದಿಡುವ ಹಕ್ಕು ಯಾರಿಗಿದೆ? ಎಷ್ಟು ಬರೆಯಬಹುದು? ಈ ಪ್ರಶ್ನೆ ನನಗೆ ತತ್ವಶಾಸ್ತ್ರದ ಪುಸ್ತಕದಿಂದ ಬಂದದ್ದಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ನಾನು ತೀರ್ಥಹಳ್ಳಿ ಕಡೆಯವನು. ಬೆಂಗಳೂರಿನಲ್ಲಿ ಕುಳಿತು ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳನ್ನು ಎಬ್ಬಿಸುವುದು ನನ್ನ ಕೆಲಸ.

ಅಂಥ ಬೋರ್ಡಿಗೆ ಕರೆಂಟು ಕೊಟ್ಟ ಕೂಡಲೇ ಲಿನಕ್ಸ್ ಕರ್ನಲ್ ಎದ್ದುಬಿಡುವುದಿಲ್ಲ. ಅದಕ್ಕಿಂತ ಮೊದಲು ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಮು ಏಳುತ್ತದೆ. ವೋಲ್ಫ್‌ಗಾಂಗ್ ಡೆಂಕ್ ಶುರುಮಾಡಿದ ಯು-ಬೂಟ್ ಇವುಗಳಲ್ಲಿ ಹೆಸರುವಾಸಿ. ಅದು ಕರ್ನಲನ್ನು ಮೆಮೊರಿಗೆ ತಂದಿಟ್ಟು, ಜೊತೆಗೆ 'ಡಿವೈಸ್ ಟ್ರೀ' ಎಂಬ ವಿವರಣೆಯನ್ನೂ ಕೈಗಿಡುತ್ತದೆ. ನಿನ್ನ ಮೆಮೊರಿ ಇಲ್ಲಿಂದ ಶುರು, ಇಷ್ಟಿದೆ. ನೀನು ಮಾತಾಡುವ ಸೀರಿಯಲ್ ಪೋರ್ಟ್ ಇಲ್ಲಿದೆ. ಈ ಪಿನ್ನಿಗೆ ಇಂಥದ್ದು ಜೋಡಿಸಿದೆ. ಒಟ್ಟಿನಲ್ಲಿ, ಇದು ನಿನ್ನ ದೇಹ.

ದೇಹ ಕಣ್ಣೆದುರೇ ಇರುವಾಗ ಕರ್ನಲ್ ತಾನೇ ನೋಡಿಕೊಳ್ಳಬಾರದೆ? ಕೆಲವನ್ನು ನೋಡಿಕೊಳ್ಳುತ್ತದೆ. ಯುಎಸ್‌ಬಿ ಸಾಧನವನ್ನು 'ನೀನು ಯಾರು' ಎಂದು ಕೇಳಿದರೆ ಉತ್ತರ ಬರುತ್ತದೆ. ಬರಿಯ ತಂತಿಗೆ ಬಾಯಿಲ್ಲ. ನಮ್ಮ ಮಾವನ ಅಡಿಕೆ ತೋಟದಲ್ಲಿ ಮಳೆ ಅಳೆಯಲು ಒಂದು ಬೋರ್ಡ್ ಇಟ್ಟಿದ್ದೇನೆ. ಆಗುಂಬೆ ಇರುವ ತಾಲ್ಲೂಕಿನಲ್ಲಿ ಮಳೆಯ ಲೆಕ್ಕ ಎಲ್ಲರಿಗೂ ಬೇಕು. ನೀರು ತುಂಬಿದಾಗಲೆಲ್ಲ ಒಂದು ಪುಟ್ಟ ತೊಟ್ಟಿ ಮಗುಚಿ, ತಂತಿಯಲ್ಲಿ ಒಂದು ಮಿಡಿತ ಬರುತ್ತದೆ. ಆ ಮಿಡಿತ ಮಳೆಯದೋ ಬಾಗಿಲ ಗಂಟೆಯದೋ ಕರ್ನಲಿಗೆ ತಿಳಿಯುವುದು ಹೇಗೆ? ಯಾರಾದರೂ ಮೊದಲೇ ಹೇಳಿರಬೇಕು.

ಹೇಳುವ ಕ್ರಮಕ್ಕೂ ಒಂದು ಚರಿತ್ರೆಯಿದೆ. ಹಿಂದೆ ಎಆರ್‌ಎಂ ಪ್ರೊಸೆಸರಿನ ಬೋರ್ಡುಗಳಲ್ಲಿ ಬೂಟ್‌ಲೋಡರ್ ಕರ್ನಲಿಗೆ ಮುಖ್ಯವಾಗಿ ಒಂದು ನಂಬರು ಹೇಳುತ್ತಿತ್ತು. ಬೆಂಗಳೂರಿನಲ್ಲಿ ಹುಟ್ಟಿದ, ಲಿನಕ್ಸ್ ಓಡಿಸುತ್ತಿದ್ದ ಸಿಂಪ್ಯೂಟರ್ ಆ ಕಾಲದ ಯಂತ್ರ. ನೀನು ಇಂತಿಷ್ಟನೇ ನಂಬರಿನ ಯಂತ್ರ ಎಂದರೆ ಮುಗಿಯಿತು. ಆ ನಂಬರಿನವರ ಕೈಕಾಲು ಹೇಗಿರುತ್ತವೆ ಎಂಬುದು ಕರ್ನಲ್ಲಿನೊಳಗೇ ಬರೆದಿರುತ್ತಿತ್ತು. ಗೋತ್ರ ಕೇಳಿ ಮನುಷ್ಯನನ್ನು ಅಳೆದ ಹಾಗೆ. ಬೋರ್ಡುಗಳ ಜಾತಿ ಬೆಳೆದಂತೆ ಈ ಬರಹ ಕಾಡಾಯಿತು. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ರೇಗಿದರು. ಆಮೇಲೆ ಎಆರ್‌ಎಂ ಲೋಕ ನಂಬರು ಬಿಟ್ಟು ವಿವರಣೆಯ ಕಡೆ ಹೊರಳಿತು.

ವಿವರಣೆಯೂ ಸಾಲದಾಗುತ್ತದೆ. ಅದನ್ನು ಬರೆಯುವುದು ಒಂದು ಮಾದರಿಗೆ, ಎದುರಿಗಿರುವುದು ಒಂದು ಬೋರ್ಡು. ಇದರಲ್ಲಿ ಮೆಮೊರಿ ಹೆಚ್ಚಿರಬಹುದು, ಅದರಲ್ಲಿ ಒಂದು ಸೆನ್ಸರ್ ಇಲ್ಲದಿರಬಹುದು. ಆದ್ದರಿಂದ ಬೂಟ್‌ಲೋಡರ್ ಮೊದಲು ಬೋರ್ಡನ್ನು ಪರೀಕ್ಷಿಸಿ, ವಿವರಣೆಯನ್ನು ತಿದ್ದಿ, ಆಮೇಲೆ ಕರ್ನಲನ್ನು ಎಬ್ಬಿಸುತ್ತದೆ. ಒಂದು ಸಾಧನದ ಎದುರು 'ಡಿಸೇಬಲ್ಡ್' ಎಂದು ಬರೆದರೆ ಸಾಕು, ಅದು ಬೋರ್ಡಿನ ಮೇಲಿದ್ದರೂ ಕರ್ನಲ್ ಅದರ ಗೋಜಿಗೆ ಹೋಗುವುದಿಲ್ಲ. ಇಷ್ಟು ಮಾಡಿ ಬೂಟ್‌ಲೋಡರ್ ಸೂಲಗಿತ್ತಿಯಂತೆ ಹೊರಟುಹೋಗುತ್ತದೆ. ಅದಿದ್ದ ಜಾಗವನ್ನೂ ಕರ್ನಲ್ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಮುಂದೆ ಏನಾದರೂ ಆದರೆ ಕೇಳಲು ಹೇಳಿದವರೇ ಅಲ್ಲಿರುವುದಿಲ್ಲ.

ಹಿಂದೊಮ್ಮೆ ಒಂದು ಕಂಪನಿಯಲ್ಲಿ ಒಂದು ಪ್ರಸ್ತಾಪ ಬಂತು. ಒಂದು ಜಿಬಿ ಮೆಮೊರಿಯ ಬೋರ್ಡಿಗೆ ಬೂಟ್‌ಲೋಡರಿನಲ್ಲೇ 'ನಿನ್ನಲ್ಲಿರುವುದು ಅರ್ಧ ಜಿಬಿ' ಎಂದು ಹೇಳಿ, ಅಗ್ಗದ ಮಾದರಿಯೆಂದು ಮಾರುವುದು. ಇದು ಮೋಸವೆಂದು ನಾನು ವಾದಿಸಿದೆ. ಸಹೋದ್ಯೋಗಿ ನಕ್ಕ: "ಕೊಳ್ಳುವವನಿಗೆ ಅರ್ಧ ಅಂತಲೇ ಹೇಳ್ತೀವಿ, ಅರ್ಧದ ದುಡ್ಡೇ ತಗೊಳ್ತೀವಿ. ಮೋಸ ಯಾರಿಗೆ? ಕರ್ನಲಿಗಾ?" ಅವನ ಮಾತು ಸರಿ. ಕರ್ನಲಿಗೆ ನೋವಿಲ್ಲ, ಕಳೆದುಕೊಳ್ಳಲು ಬದುಕಿಲ್ಲ. ಆದರೆ ಆ ಚರ್ಚೆಯಿಂದ ಒಂದು ಅಂಶ ನನ್ನಲ್ಲಿ ಉಳಿದುಬಿಟ್ಟಿತು.

ಅರ್ಧ ಇರುವಲ್ಲಿ ಒಂದು ಎಂದು ಹೇಳಿದರೆ ಆ ಸುಳ್ಳು ಬಹಳ ದಿನ ಬಾಳುವುದಿಲ್ಲ. ಕರ್ನಲ್ ಇಲ್ಲದ ಮೆಮೊರಿಗೆ ಕೈಹಾಕಿದ ದಿನ ಮುಗ್ಗರಿಸಿ ಬೀಳುತ್ತದೆ, ಸುಳ್ಳು ಹೊರಬೀಳುತ್ತದೆ. ಒಂದು ಇರುವಲ್ಲಿ ಅರ್ಧ ಎಂದರೆ ಯಾರೂ ಬೀಳುವುದಿಲ್ಲ. ಎಲ್ಲವೂ ನೆಟ್ಟಗೆ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಕಡಿಮೆ ಹೇಳಿದ ಸುಳ್ಳು ತಾನಾಗಿ ಎಂದೂ ಸಿಕ್ಕಿಬೀಳುವುದಿಲ್ಲ.

ಇದನ್ನು ಯೋಚಿಸುವಾಗ ನನ್ನ ಚಿಕ್ಕಮ್ಮ ನೆನಪಾಗುತ್ತಾಳೆ. ಕೊನೆ ಕೊಯ್ಲಿನ ಆಳುಗಳ ಸಂಬಳ, ಚೇಣಿಯ ಬಾಕಿ, ಹಸಿ ಅಡಿಕೆ ಇಷ್ಟಾದರೆ ಒಣಗಿದ್ದು ಎಷ್ಟು ಎಂಬುದೆಲ್ಲ ಅವಳ ಬಾಯಲ್ಲೇ. ಮಂಡಿಯ ಚೀಟಿಯಲ್ಲಿ ತಪ್ಪಿದ್ದರೆ ಪೆನ್ನು ಮುಟ್ಟದೆ ಹೇಳುತ್ತಾಳೆ. ಆದರೆ ಕೇಳಿ ನೋಡಿ, "ನಂಗೆ ಲೆಕ್ಕ ಬರಾದಿಲ್ಲ ಮಾರಾಯ" ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದರು. ಹೇಳಿದವರು ಈಗಿಲ್ಲ. ಅವಳ ಬದುಕು ನಿಂತಿಲ್ಲ, ಆದ್ದರಿಂದ ಸುಳ್ಳೂ ನಿಂತಿಲ್ಲ.

ಹುಟ್ಟಿದ ಮಗುವಿಗೆ ಎಲ್ಲೆಗಳಿಲ್ಲ, ಜಾತಿ ಮತಗಳ ಕಟ್ಟುಗಳನ್ನು ನಾವು ಆಮೇಲೆ ಹಾಕುತ್ತೇವೆ ಎಂಬುದು ನಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ವಿಶ್ವಮಾನವ ವಿಚಾರದ ಬೇರು. ಹಾಗಾದರೆ ಏನನ್ನೂ ಹೇಳದೆ ಬಿಡುವುದೇ ಒಳ್ಳೆಯದೆ? ನನ್ನ ಕೆಲಸ ಇದನ್ನು ಒಪ್ಪಲು ಬಿಡುವುದಿಲ್ಲ. ವಿವರಣೆ ಇಲ್ಲದೆ ಎಬ್ಬಿಸಿದ ಕರ್ನಲ್ ಸ್ವತಂತ್ರವಾಗುವುದಿಲ್ಲ, ಸದ್ದಿಲ್ಲದೆ ಸಾಯುತ್ತದೆ. ತನ್ನ ಬಾಯಿ ಎಲ್ಲಿದೆಯೆಂದೇ ತಿಳಿಯದ್ದರಿಂದ ಏನು ತಪ್ಪಾಯಿತೆಂದು ಹೇಳಲೂ ಆಗುವುದಿಲ್ಲ. ನಮಗೂ ಯಾರೋ ಕೇಳದೆಯೇ ಕನ್ನಡ ಕೊಟ್ಟರು, ಹೆಸರು ಕೊಟ್ಟರು. ಅದಿಲ್ಲದಿದ್ದರೆ ಆ ಕಟ್ಟುಗಳ ವಿರುದ್ಧ ಮಾತಾಡಲು ನಾಲಿಗೆಯೂ ಇರುತ್ತಿರಲಿಲ್ಲ.

ಹೇಳಲೇಬೇಕು ಎಂದಾದರೆ ಹೇಗೆ ಹೇಳಬೇಕು ಎಂಬುದೇ ನಿಜವಾದ ಪ್ರಶ್ನೆ. ಇದಕ್ಕೆ ಡಿವೈಸ್ ಟ್ರೀ ಬರೆಯುವವರಲ್ಲಿ ಒಂದು ಒಳ್ಳೆಯ ಶಿಸ್ತಿದೆ: ಇರುವುದನ್ನು ಬರೆಯಿರಿ, ಅದರಿಂದ ಏನು ಮಾಡಬೇಕೆಂದು ಬರೆಯಬೇಡಿ. ಕರ್ನಲ್ ಹೀಗೆ ನಡೆಯಲಿ ಎಂಬ ನಮ್ಮ ಅಪೇಕ್ಷೆಗಳಿಗೆ 'ಚೋಸನ್' ಎಂಬ ಬೇರೆ ಕೊಂಬೆಯಿದೆ. ಅದು ಯಾವ ನಿಜವಾದ ಸಾಧನವನ್ನೂ ಸೂಚಿಸುವುದಿಲ್ಲ. ಇದು ನಿನ್ನ ದೇಹ, ಇದು ನಮ್ಮ ಆಸೆ ಎಂದು ಎರಡನ್ನೂ ಬೇರೆಬೇರೆ ಬರೆದ ಹಾಗೆ. ಮನೆಗಳಲ್ಲಿ, ಶಾಲೆಗಳಲ್ಲಿ ನಾವು ಕಲಸಿಬಿಡುವುದು ಇವೆರಡನ್ನೇ. 'ನೀನು ದೂರ ಓದಲು ಹೋಗುವುದು ನಮಗೆ ಇಷ್ಟವಿಲ್ಲ' ಎಂಬುದು ಆಸೆ. ಅದರ ಜೊತೆ ಜಗಳವಾಡಬಹುದು. ಅದನ್ನೇ 'ನಿನ್ನ ಕೈಲಾಗುವುದಿಲ್ಲ' ಎಂದು ದೇಹದ ಪಟ್ಟಿಯಲ್ಲಿ ಬರೆದರೆ ಮಗು ಯಾರ ಜೊತೆ ಜಗಳವಾಡಬೇಕು?

ಎದ್ದ ಮೇಲೆ ಲಿನಕ್ಸ್‌ನಲ್ಲಿ ತನಗೆ ಕೊಟ್ಟ ಇಡೀ ವಿವರಣೆಯನ್ನು ತೆರೆದು ಓದಲು ಒಂದು ಜಾಗವಿದೆ. ಹೇಳಿದ್ದೆಲ್ಲ ಅಲ್ಲಿ ಸಿಗುತ್ತದೆ, ಕಡಿಮೆ ಮಾಡಿದ್ದು ಮಾತ್ರ ಸಿಗುವುದಿಲ್ಲ. ಅದನ್ನು ಕಾಣಲು ಬೋರ್ಡನ್ನು ಹೊರಗಿನಿಂದ ನೋಡಿದ ಇನ್ನೊಬ್ಬರು ಬೇಕು. ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮನಿಗೆ ನೀನು ಮಾಡುತ್ತಿರುವುದೇ ಲೆಕ್ಕ ಎಂದೆ. ನಗುತ್ತಾ ತಲೆಯಾಡಿಸಿದಳು, ನಂಬಲಿಲ್ಲ. ಮತ್ತೆ ಹೇಳಬೇಕು.